ಕೊಯ್ಯುವ ಮೊದಲೇ ಹೇಳಿಬಿಡಿ

ಮಾನ್ಯ ಸಂಪಾದಕರೇ,

ನಾನು ಟೊಮೆಟೊ ಬೆಳೆಯುವವಳು. ಎರಡು ವರ್ಷದಿಂದ, ಕೊಯ್ಲಿನ ಹಿಂದಿನ ಸಂಜೆ ತೋಟದ ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತೇನೆ. ನೋಡಿದವರು ತಮಗೆ ಎಷ್ಟು ಹಣ್ಣು ಬೇಕೆಂದು ಬರೆಯುತ್ತಾರೆ, ಅವರಿಗೆ ನೇರವಾಗಿ ಮಾರುತ್ತೇನೆ. ಆ ಫೋಟೊ ಇರುವುದು 24 ಗಂಟೆ. ನನಗೆ ಅಷ್ಟು ಸಾಕು.

ಕಳೆದ ಮಳೆಯಲ್ಲಿ ತೊಟ್ಟಿನ ಸುತ್ತ ಸಿಪ್ಪೆ ಬಿರಿದ ಹಣ್ಣೇ ಜಾಸ್ತಿ ಬಂತು. ವ್ಯಾಪಾರಿ ಕ್ರೇಟ್ ಮುಟ್ಟಲಿಲ್ಲ. ಒಂದು ಹಣ್ಣನ್ನು ಅಂಗೈಯಲ್ಲಿಟ್ಟು, ಬಿರುಕು ಚೆನ್ನಾಗಿ ಕಾಣುವಂತೆ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿದೆ. ಒಣಗಿದ್ದ ನೆಲಕ್ಕೆ ಒಮ್ಮೆಲೇ ಜೋರು ಮಳೆ ಬಿದ್ದರೆ ಗಿಡ ಗಟಗಟ ನೀರು ಕುಡಿಯುತ್ತದೆ. ಹಣ್ಣು ಉಬ್ಬಿದಷ್ಟು ಬೇಗ ಸಿಪ್ಪೆ ಹಿಗ್ಗುವುದಿಲ್ಲ. ಇದು ರೋಗವಲ್ಲ, ಆದರೆ ಇಟ್ಟರೆ ಕೊಳೆಯುತ್ತದೆ, ಇವತ್ತೇ ಅಡುಗೆಗೆ ಬಳಸಿ ಎಂದು ಹೇಳಿದೆ. ಸಂಜೆಯೊಳಗೆ ಅಷ್ಟೂ ಖಾಲಿ! ಒಬ್ಬರಂತೂ ಫ್ರಿಜ್‌ನಲ್ಲಿಟ್ಟ ಟೊಮೆಟೊಗೆ ಘಮ ಯಾಕಿರಲ್ಲ ಎಂದು ಕೇಳಿದರು. 12 ಡಿಗ್ರಿಗಿಂತ ತಣ್ಣಗೆ ಇಟ್ಟರೆ ಘಮ ಕುಂದುತ್ತದೆ, ಹೊರಗೇ ಇಡಿ ಎಂದೆ. ತಕ್ಕಡಿ ಮುಂದೆ ನಿಂತು ಇಷ್ಟೆಲ್ಲ ಮಾತಾಡಲು ಯಾರಿಗೆ ಪುರುಸೊತ್ತು ಇರುತ್ತದೆ, ಅಲ್ವಾ?

ಆದರೆ ಒಂದು ಸಂಕಟವಿದೆ. 'ನನಗೆ ಐದು ಕಿಲೊ' ಎಂದು ಬರೆದು, ಬೆಳಿಗ್ಗೆ ಫೋನ್ ಎತ್ತದವರೂ ಇದ್ದಾರೆ. ಮೊನ್ನೆ ಹೀಗೆ ಎರಡು ಕ್ರೇಟ್ ಉಳಿಯಿತು. ಅಷ್ಟು ಹೊತ್ತಿಗೆ ಮಾರುಕಟ್ಟೆಯೂ ಮುಗಿದಿತ್ತು. ಕಿತ್ತ ಹಣ್ಣನ್ನು ಮತ್ತೆ ಗಿಡಕ್ಕೆ ಅಂಟಿಸಲು ಆಗುವುದಿಲ್ಲ. ಬೇಡವಾದರೆ ಬೇಜಾರಿಲ್ಲ, ದಯವಿಟ್ಟು ರಾತ್ರಿಯೇ 'ಬೇಡ' ಎಂದು ಒಂದು ಮೆಸೇಜ್ ಹಾಕಿ. ನಾವು ಕೊಯ್ಯಲು ಇಳಿಯುವುದು ಬೆಳಕು ಹರಿಯುವ ಮೊದಲು.

ಇತಿ,
ಒಬ್ಬ ರೈತ ಮಹಿಳೆ