ನಿನ್ನ ಹೊಲದ ಬದುವಿನ ವಿಚಾರ

ಪ್ರೀತಿಯ ದೋಸ್ತಾ,

ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಹೈದರಾಬಾದಿನ ಕೆಲಸ ಹಾಗೆಯೇ ಎಂದು ಗೊತ್ತು. ಅದಕ್ಕೇ ನಾಲ್ಕು ಜನ ಓದುವ ಕಡೆ ಈ ಪತ್ರ ಹಾಕುತ್ತಿದ್ದೇನೆ. ಇನ್ನು ನೀನು ತಪ್ಪಿಸಿಕೊಳ್ಳುವ ಹಾಗಿಲ್ಲ. ವಿಷಯ ನಮ್ಮ ಕಾಗಿಣಾ ಹೊಳೆಯದು. ನಿನ್ನ ಹೊಲದ್ದೂ ಹೌದು.

ಎರಡು ವರ್ಷದ ಹಿಂದೆ ನಾವು ಹತ್ತು ಹನ್ನೆರಡು ಮಂದಿ ಭಾನುವಾರ ಬೆಳಿಗ್ಗೆ ಹೊಳೆಯ ದಂಡೆ ಗುಡಿಸಲು ಶುರು ಮಾಡಿದ್ದು ನೆನಪಿದೆಯಲ್ಲ? ಹಳೆಯ ಸೀರೆ, ಗಾಜೊಡೆದ ದೇವರ ಫೋಟೊ, ಗುಟ್ಕಾ ಚೀಟಿ, ಊಟದ ತಟ್ಟೆ ಎಲ್ಲ ಚೀಲಗಟ್ಟಲೆ ತೆಗೆದೆವು. ಫೋನಿನಲ್ಲಿ ಕಳಿಸಿದ ಆ ಕೆಲಸದ ಫೋಟೊಗಳಿಗೆ ನೀನೂ ಹೆಬ್ಬೆಟ್ಟು ಒತ್ತಿದ್ದೆ. ಮೃಗಶಿರಾ ಮಳೆ ಒಮ್ಮೆ ಜೋರಾಗಿ ಹೊಡೆದದ್ದೇ ತಡ, ಅಷ್ಟೇ ಕಸ, ಅದರ ಮೇಲೊಂದು ಗೇಣು ಬೂದು ಕೆಸರು ಬಂದು ಕೂತಿತು. ನಿನ್ನ ಹೊಲದ ಪಕ್ಕದ ಮುತ್ಯಾ ಕಟ್ಟೆಯ ಮೇಲಿಂದ ನೋಡಿ ನಕ್ಕರು: "ಮಾಳಿಗೆ ಸೋರುತ್ತಿದೆ, ನೀವು ನೆಲ ಒರೆಸುತ್ತಾ ಕೂತಿದ್ದೀರಿ."

ಮರುದಿನವೇ ಹೊಳೆಗೆ ಸೇರುವ ಹಳ್ಳದ ಗುಂಟ ಮೇಲಕ್ಕೆ ನಡೆದೆವು. ಮೊದಲು ಸಿಕ್ಕಿದ್ದು ಕಲ್ಲು ಪಾಲಿಶ್ ಮಾಡುವ ಘಟಕಗಳು. ಶಹಾಬಾದ್ ಕಲ್ಲು ಎಂದರೆ ಸುಣ್ಣದ ಕಲ್ಲೇ ತಾನೆ. ಉಜ್ಜುವಾಗ ಚಕ್ರದ ಕೆಳಗೆ ಬಿಡದೆ ನೀರು ಹರಿಸುತ್ತಾರೆ, ಕಲ್ಲಿನ ಪುಡಿ ಅದರಲ್ಲಿ ಕಲಸಿಕೊಂಡು ಅಂಬಲಿಯ ಹಾಗೆ ಹೊರಬೀಳುತ್ತದೆ. ಹಸಿಯಿದ್ದಾಗ ಬೆರಳಿಗೆ ಬೆಣ್ಣೆಯಷ್ಟು ನುಣ್ಣಗೆ. ಒಣಗಿತೋ, ಹಳ್ಳದ ಮರಳಿಗೆ ಗಾರೆ ಬಳಿದ ಹಾಗೆ. ನಾನು ಅದರ ಮೇಲೆ ಒಂದು ಬಾಟಲಿ ನೀರು ಸುರಿದೆ. ಒಂದು ಹನಿಯೂ ಇಳಿಯಲಿಲ್ಲ, ಎಲ್ಲ ಪಕ್ಕಕ್ಕೆ ಜಾರಿತು. ಒಂದು ಹೆಕ್ಕಳಿಕೆ ಎಬ್ಬಿಸಿ ಅಡಿಯ ಮರಳಿಗೆ ಸುರಿದೆ. ಗಟಗಟ ಕುಡಿಯಿತು. ಹಳ್ಳದ ಪಕ್ಕದ ಬಾವಿಗಳಿಗೆ ನೀರು ಏಕೆ ಇಳಿಯುತ್ತಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

ಕೂಗಾಡೋಣವೆಂದರೆ ಅಲ್ಲಿ ಕಲ್ಲು ಹೊರುವವರು ನಮ್ಮ ಓಣಿಯವರೇ. 1974ರ ಜಲ ಮಾಲಿನ್ಯ ತಡೆ ಕಾಯ್ದೆಯನ್ನು ಕಾಣಿಸಿ ಒಂದು ಅರ್ಜಿ ಕೊಟ್ಟೆವು. ಸ್ವೀಕೃತಿಯ ಮುದ್ರೆ ಬಿತ್ತು, ಆಮೇಲೆ ಏನೂ ಬೀಳಲಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ದುಡ್ಡಿನ ಲೆಕ್ಕ. ಸಾಲಾಗಿ ಮೂರು ಹೊಂಡ ತೋಡಿದರೆ ಕೆಸರು ಮೊದಲ ಎರಡರಲ್ಲಿ ತಳಕ್ಕೆ ಕೂರುತ್ತದೆ, ಮೂರನೆಯದರ ತಿಳಿನೀರನ್ನು ಮತ್ತೆ ಚಕ್ರಕ್ಕೇ ಬಿಡಬಹುದು. ಹೊಳೆಯ ಹೆಸರು ಹೇಳಿದಾಗ ಆಕಳಿಸಿದವರು ಟ್ಯಾಂಕರ್ ದುಡ್ಡು ಉಳಿಯುತ್ತದೆ ಎಂದಾಗ ಕುರ್ಚಿ ಹಾಕಿಸಿದರು. ಎಲ್ಲರೂ ಅಲ್ಲ, ಇಬ್ಬರು.

ಅದಕ್ಕೂ ಮೇಲೆ ಹೊಲಗಳು. ಎರೆಭೂಮಿಯ ಗುಣ ನಿನಗೆ ಹೇಳಬೇಕೆ? ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮಳೆಗೆ ಉಬ್ಬಿ ಬಿರುಕು ಮುಚ್ಚಿತೆಂದರೆ ನೀರು ಒಳಗಿಳಿಯಲು ಒಲ್ಲದು, ಮೇಲ್ಮಣ್ಣನ್ನು ಹೊತ್ತುಕೊಂಡು ಹಳ್ಳಕ್ಕೆ ಓಡುತ್ತದೆ. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. 5,000 ಲೀಟರಿನ ಎಂಟು ಟ್ಯಾಂಕರ್! ಮೇ ತಿಂಗಳಲ್ಲಿ ಒಂದೇ ಟ್ಯಾಂಕರಿಗೆ ಕೊಡ ಹಿಡಿದು ಜಗಳಾಡುವ ಊರು ನಮ್ಮದು.

ಆ ನೀರನ್ನು ಹೊಲದಲ್ಲೇ ತಡೆಯಲು ಹೋದ ಬೇಸಿಗೆಯಲ್ಲಿ ಬದು ಹಾಕಿದೆವು. ಕೆಲವು ಉದ್ಯೋಗ ಖಾತ್ರಿ ಕೂಲಿಯಲ್ಲಿ, ಕೆಲವು ನಾವೇ ಸಲಿಕೆ ಹಿಡಿದು. ನಾವು ಹಾಕಿದ್ದರಲ್ಲೇ ಎಡವಟ್ಟಾಯಿತು. ಮುತ್ಯಾರ ಹೊಲಕ್ಕೆ ಮೊಣಕಾಲೆತ್ತರದ ಬದು ಏರಿಸಿ, ಹೆಚ್ಚಾದ ನೀರು ಹೊರಹೋಗಲು ಕೋಡಿ ಬಿಡುವುದನ್ನೇ ಮರೆತಿದ್ದೆವು. ಆಗಸ್ಟಿನಲ್ಲಿ ಜಡಿಮಳೆ ಹಿಡಿಯಿತು. ತೊಗರಿಯ ಬುಡದಲ್ಲಿ ನೀರು ನಿಂತರೆ ಏನಾಗುತ್ತದೆಂದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಬದುವಿನ ಗುಂಟ ಆರು ಸಾಲು ಹಳದಿಗೆ ತಿರುಗಿ ಒಣಗಿತು. ಮುತ್ಯಾ ಬೈಯಲಿಲ್ಲ, ಮಾತೇ ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಎಳ್ಳಮಾವಾಸ್ಯೆಗೆ ಅವರೇ ಹೊಲಕ್ಕೆ ಕರೆದರು. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡಾದ ಮೇಲೆ ಕೋಲು ಹಿಡಿದು ಬದುವಿನ ಮೇಲೆ ನಡೆಸಿಕೊಂಡು ಹೋದರು. "ನೀರಿಗೆ ನಿಲ್ಲು ಎಂದಿರಿ, ಹೋಗು ಎನ್ನಲಿಲ್ಲ." ಕೆಳಗಿನ ಮೂಲೆಯಲ್ಲಿ ಹುಲ್ಲು ಒಂದೇ ಕಡೆಗೆ ಮಲಗಿದ ಜಾಗ ತೋರಿಸಿದರು, ನೀರು ತಾನಾಗಿ ಹೋಗುವ ದಾರಿ ಅದು. ಪಾಲಿಶ್ ಘಟಕದ ಹಿಂದೆ ಒಡೆದ ಫರಸಿಯ ಗುಡ್ಡೆಯೇ ಬಿದ್ದಿದೆ, ಅದನ್ನೇ ತಂದು ಕೋಡಿ ಕಟ್ಟಿದೆವು. ಈವರೆಗೆ ಒಂಬತ್ತು ಹೊಲಕ್ಕೆ ಆಗಿದೆ.

ನಿನ್ನ ಹೈದರಾಬಾದಿನ ಮೂಸಿ, ನಮ್ಮ ಕಾಗಿಣಾ ಎರಡೂ ವಿಕಾರಾಬಾದ್ ಕಡೆಯ ಅನಂತಗಿರಿ ಗುಡ್ಡದಲ್ಲೇ ಹುಟ್ಟಿದವು, ಗೊತ್ತೇ? ಒಂದು ಮೂಡಣಕ್ಕೆ ಹೋಯಿತು. ಇನ್ನೊಂದು ತಾಂಡೂರು ದಾಟಿ, ಮಳಖೇಡದಲ್ಲಿ ರಾಷ್ಟ್ರಕೂಟರ ಕೋಟೆಯ ಪಕ್ಕದಲ್ಲೇ ಹಾದು, ಹೊನಗುಂಟಾದ ಹತ್ತಿರ ಭೀಮೆಗೆ ಸೇರುತ್ತದೆ. ಮೂಸಿಯ ನಾತ ನೀನೇ ಫೋನಿನಲ್ಲಿ ಎಷ್ಟು ಸಲ ವರ್ಣಿಸಿದ್ದೀಯ!

ಈಗ ಅಸಲು ಮಾತು. ಹಳ್ಳದ ತಲೆಗಿರುವ ಹದಿನಾಲ್ಕು ಹೊಲಗಳಲ್ಲಿ ಐದರ ಒಡೆಯರು ಊರಲ್ಲಿಲ್ಲ. ಪುಣೆಯಲ್ಲಿ ಇಬ್ಬರು, ಮುಂಬೈಯಲ್ಲೊಬ್ಬ, ಬೆಂಗಳೂರಿನಲ್ಲೊಬ್ಬ, ಮತ್ತೆ ನೀನು. ಆ ಹೊಲಗಳನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದವರನ್ನು ಕೇಳಿದರೆ "ಒಡೆಯರನ್ನು ಕೇಳಿ" ಎನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಒಂದು ವರ್ಷಕ್ಕೆ ಹೊಲ ಹಿಡಿದವನು ಹತ್ತು ವರ್ಷದ ಬದುವಿಗೆ ಬೆನ್ನು ಏಕೆ ಬಗ್ಗಿಸಬೇಕು? ನಿನ್ನ ಹೊಲವೋ ಎಲ್ಲಕ್ಕಿಂತ ಮೇಲಿದೆ. ಅಲ್ಲಿಂದ ನುಗ್ಗಿದ ನೀರು ಕೆಳಗಿನ ಮೂರು ಬದುಗಳನ್ನು ಕೊಚ್ಚುತ್ತದೆ. ಸಿಟ್ಟಾಗಬೇಡ, ಇದ್ದದ್ದನ್ನು ಹೇಳುತ್ತಿದ್ದೇನೆ.

ಬದುವಿಗೆ ನಿನ್ನ ನೆಲ ಎರಡು ಸಾಲಿನಷ್ಟು ಹೋದೀತು. ಕೆಳಗಿನ ಮೂಲೆಯಲ್ಲಿ, ಆ ಜಾಲಿಗಿಡದ ಬುಡದಲ್ಲಿ, ಕೋಡಿ ಬರಬೇಕಾದ ಕಡೆ ಮುತ್ಯಾ ಆಗಲೇ ನಾಲ್ಕು ಕಲ್ಲು ಇಟ್ಟು ಬಂದಿದ್ದಾರೆ. ರೋಹಿಣಿ ಮಳೆಗೆ ಮುಂಚೆ ಮುಗಿಯಬೇಕು. ಲಾವಣಿಯವನಿಗೆ ನೀನು ಒಂದು ಮಾತು ಹೇಳಿದರೆ ಸಾಕು, ಸಲಿಕೆ ನಮ್ಮವು. ನಾಳೆ ರಾತ್ರಿ ಮತ್ತೆ ಫೋನ್ ಮಾಡುತ್ತೇನೆ, ಎತ್ತು.

ನಿನ್ನ ದೋಸ್ತ