ಸಂಪರ್ಕಪಟ್ಟಿಗೆ ಮಂಗಳೂರಿನ ವಿವರವೂ ಸೇರಲಿ

ಮಾನ್ಯ ಸಂಪಾದಕರೇ,

ಕೇರಳದಲ್ಲಿ ನಿಫಾ ವೈರಸ್ ಸೋಂಕು ಕಾಣಿಸಿಕೊಂಡಾಗಲೆಲ್ಲ ಸಂಪರ್ಕಪಟ್ಟಿಯಲ್ಲಿ, ಅಂದರೆ ರೋಗಿಯ ಹತ್ತಿರ ಬಂದವರ ಪಟ್ಟಿಯಲ್ಲಿ, ಎಷ್ಟು ಮಂದಿ ಇದ್ದಾರೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಆ ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಕರ್ನಾಟಕದ ಗಡಿಗೆ ತಾಗಿರುವ ಮಂಜೇಶ್ವರ, ಕಾಸರಗೋಡು ತಾಲೂಕಿನವರಂತೂ ಇದನ್ನು ತಿಳಿದಿರಲೇಬೇಕು. ಜ್ವರ ಬಂದರೆ ನಮ್ಮವರು ಮೊದಲು ಊರಿನ ಕ್ಲಿನಿಕ್‌ಗೆ ಹೋಗುತ್ತಾರೆ, ಇಳಿಯದಿದ್ದರೆ ಉಪ್ಪಳಕ್ಕೋ ಕುಂಬಳೆಗೋ, ಮತ್ತೂ ಜೋರಾದರೆ ಗಡಿಯಾಚೆಯ ದೇರಳಕಟ್ಟೆ, ಮಂಗಳೂರಿಗೆ. ರೋಗ ಯಾವುದೆಂದು ಖಚಿತವಾಗುವಷ್ಟರಲ್ಲಿ ಸಂಪರ್ಕಕ್ಕೆ ಬಂದವರು ಎರಡು ರಾಜ್ಯಗಳಲ್ಲಿ ಹರಡಿರುತ್ತಾರೆ.

2018ರಲ್ಲಿ ಕಲ್ಲಿಕೋಟೆ ಜಿಲ್ಲೆಯ ಪೇರಾಂಬ್ರ ಕಡೆಯ ಮೊದಲ ರೋಗಿ ತೀರಿಕೊಂಡದ್ದು ಮೇ 5ರಂದು. ಮಣಿಪಾಲ ಮತ್ತು ಪುಣೆಯ ಪ್ರಯೋಗಾಲಯಗಳಲ್ಲಿ ಅದು ನಿಫಾ ಎಂದು ಖಚಿತವಾದದ್ದು ಮೇ 20ರ ಸುಮಾರಿಗೆ. ಅಷ್ಟರೊಳಗೆ ತಾಲೂಕು ಆಸ್ಪತ್ರೆಯ ವಾರ್ಡಿನಲ್ಲೂ ಮೆಡಿಕಲ್ ಕಾಲೇಜಿನ ಸ್ಕ್ಯಾನಿಂಗ್ ವಿಭಾಗದ ಕಾರಿಡಾರಿನಲ್ಲೂ ಆತನ ಹತ್ತಿರ ಇದ್ದವರಿಗೆ ಸೋಂಕು ತಗಲಿತ್ತು. ಶುಶ್ರೂಷೆ ಮಾಡಿದ ನರ್ಸ್ ಲಿನಿ ಅವರೂ ಉಳಿಯಲಿಲ್ಲ. ಅಧಿಕೃತ ಲೆಕ್ಕದಲ್ಲಿ 17 ಜನ ಸತ್ತರು. ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ನಿಗಾದಲ್ಲಿ ಇಡಬೇಕಾಯಿತು.

'ಯಾರನ್ನೆಲ್ಲ ಭೇಟಿಯಾಗಿದ್ದರು?' ಎಂದು ಕೇಳಿದರೆ ಗಾಬರಿಯಲ್ಲಿರುವ ಮನೆಯವರಿಗೆ ನಾಲ್ಕೈದು ಹೆಸರು ಹೊಳೆದರೆ ಹೆಚ್ಚು. ರೋಗಲಕ್ಷಣ ಶುರುವಾದ ದಿನದಿಂದ ಒಂದೊಂದೇ ದಿನ ಹಿಡಿದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬರೆಯಬೇಕು. ಮೊಬೈಲಿನ ಕರೆಪಟ್ಟಿ, ಗೂಗಲ್ ಪೇ ಲೆಕ್ಕ, ಒಪಿ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು, ಬಸ್ ಟಿಕೆಟ್ ಎದುರಿಗಿದ್ದರೆ ಮರೆತದ್ದೂ ನೆನಪಾಗುತ್ತದೆ. ಎಷ್ಟು ಹಿಂದೆ ಹೋಗಬೇಕು ಎಂಬುದು ಒಂದೊಂದು ರೋಗಕ್ಕೆ ಒಂದೊಂದು ರೀತಿ. ನಿಫಾಕ್ಕೆ ಲಕ್ಷಣ ಕಾಣಿಸಿದ ದಿನದಿಂದ ನೋಡಿದರೆ ಸಾಕು, ಕೋವಿಡ್‌ಗೆ ಅದಕ್ಕಿಂತ ಎರಡು ದಿನ ಹಿಂದಿನಿಂದ, ದಡಾರಕ್ಕೆ ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮೊದಲಿನಿಂದ. ದಡಾರದಲ್ಲಿ ಹೆಸರು ಬೇಗ ಸಿಕ್ಕಿದರೆ ಇನ್ನೊಂದು ಲಾಭವಿದೆ. ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ, ಮೊದಲು ಲಸಿಕೆ ಆಗದ ಮಗುವನ್ನೂ ಉಳಿಸಿಕೊಳ್ಳಬಹುದು.

ಪಟ್ಟಿಯಿಂದ ಬಿಟ್ಟುಹೋಗುವವರು ಸಾಮಾನ್ಯವಾಗಿ ದೂರದವರಲ್ಲ. ವಾಂತಿ ಬಳಿದವರು, ಬೆಡ್‌ಶೀಟ್ ಒಗೆದವರು, ಆಟೋದಲ್ಲಿ ಹಿಡಿದು ಕೂರಿಸಿಕೊಂಡು ಹೋದವರು, ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ರೋಗಿಯ ಜತೆ ನಿಂತವರು, ಹೆಣಕ್ಕೆ ಸ್ನಾನ ಮಾಡಿಸಿದವರು. ನಿಫಾ ದೇಹದ ಸ್ರಾವಗಳಿಂದ ಹರಡುವುದರಿಂದ ಅಪಾಯ ಹೆಚ್ಚಿರುವುದೇ ಇವರಿಗೆ.

ಪಟ್ಟಿಗೆ ಸೇರಿದವರ ನಿಗಾ 21 ದಿನ. ಲೆಕ್ಕ ಶುರುವಾಗುವುದು ರೋಗಿಯ ಜತೆಗಿನ ಕೊನೆಯ ಸಂಪರ್ಕದಿಂದ. ಪಟ್ಟಿಗೆ ಹೆಸರು ಬಂದ ದಿನದಿಂದ ಅಲ್ಲ. ಪ್ರತ್ಯೇಕ ಕೋಣೆ, ಪ್ರತ್ಯೇಕ ಬಟ್ಟಲು ಲೋಟ, ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ನೋಡಿ ಬರೆದಿಡುವುದು. ಇಲ್ಲಿ ಬಹಳ ಸಲ ಒಂದು ತಪ್ಪಾಗುತ್ತದೆ: ಮೈ ಬಿಸಿಯಾದ ಕೂಡಲೇ ಪ್ಯಾರಾಸಿಟಮಾಲ್ ನುಂಗಿ ಆಮೇಲೆ ಜ್ವರ ನೋಡುತ್ತಾರೆ. ಮಾತ್ರೆಯಿಂದ ಜ್ವರ ಇಳಿದಿರುತ್ತದೆ, ಆಶಾ ಕಾರ್ಯಕರ್ತೆ ಫೋನ್ ಮಾಡಿದಾಗ 'ಏನೂ ಇಲ್ಲ' ಎಂಬ ಉತ್ತರ ಹೋಗುತ್ತದೆ. ಮೊದಲು ಜ್ವರ ನೋಡಿ, ತಿಳಿಸಿ, ಆಮೇಲೆ ಮಾತ್ರೆ ತೆಗೆದುಕೊಳ್ಳಿ. ಜ್ವರ, ತಲೆನೋವು, ವಾಂತಿ, ಮಂಪರು, ಉಸಿರಾಟದ ತೊಂದರೆ ಕಂಡರೆ ಬಸ್ಸು ಹತ್ತಬೇಡಿ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕೆ ಕರೆಮಾಡಿ.

ಜನ ಮಾಹಿತಿ ಮುಚ್ಚಿಡುವುದು ಹಟದಿಂದ ಎಂದು ನಮಗೆ ಅನಿಸುವುದಿಲ್ಲ. 2020ರಲ್ಲಿ ಕೋವಿಡ್ ಸಮಯದಲ್ಲಿ ಗಡಿಯ ರಸ್ತೆಗಳನ್ನು ಮುಚ್ಚಲು ಮಣ್ಣು ಸುರಿದದ್ದು, ಮಂಗಳೂರಿಗೆ ಹೋಗಲಾಗದೆ ರೋಗಿಗಳು ಪ್ರಾಣ ಬಿಟ್ಟದ್ದು ಇಲ್ಲಿಯವರಿಗೆ ನೆನಪಿದೆ. ನಿಜ ಹೇಳಿದರೆ ಆಸ್ಪತ್ರೆಯ ಬಾಗಿಲು ಮುಚ್ಚೀತು ಎಂಬ ಹೆದರಿಕೆಯಿಂದ ಸಂಬಂಧಿಕರ ಮಂಗಳೂರು ವಿಳಾಸ ಕೊಡುವವರಿದ್ದಾರೆ. ಹಾಗೆ ಮಾಡಿದರೆ ವರದಿ ದಕ್ಷಿಣ ಕನ್ನಡದ ಲೆಕ್ಕಕ್ಕೆ ಹೋಗುತ್ತದೆ, ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಇರುವ ಮನೆಗೆ ಯಾರೂ ಬರುವುದಿಲ್ಲ. ದಯವಿಟ್ಟು ಸ್ವಂತ ಮನೆಯ ವಿಳಾಸವನ್ನು ಪಂಚಾಯತು, ವಾರ್ಡ್ ಸಂಖ್ಯೆ ಸಹಿತ ಕೊಡಿ. ಕೈಯಲ್ಲೇ ಇರುವ ಫೋನಿನ ನಂಬರ್ ಕೊಡಿ.

ಇಲಾಖೆಯಿಂದಲೂ ಮೂರು ಕೆಲಸ ಆಗಬೇಕು. ರೋಗಿ ಎಲ್ಲೆಲ್ಲಿ ಹೋಗಿದ್ದರು ಎಂದು ಪ್ರಕಟಿಸುವ ರೂಟ್ ಮ್ಯಾಪಿನಲ್ಲಿ ಹೆಸರಿಲ್ಲದಿದ್ದರೂ ಸಣ್ಣ ಊರಿನಲ್ಲಿ ಮನೆ ಯಾವುದೆಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಬಸ್ಸು, ಅಂಗಡಿ, ಸಮಯ ಇಷ್ಟೇ ಪ್ರಕಟವಾಗಲಿ, ವಯಸ್ಸು ವೃತ್ತಿ ಬೇಡ. ಗಡಿ ಪಂಚಾಯತುಗಳಲ್ಲಿ ವಿಚಾರಿಸಲು ಹೋಗುವ ತಂಡದಲ್ಲಿ ಕನ್ನಡ, ತುಳು ಬಲ್ಲವರೊಬ್ಬರಾದರೂ ಇರಲಿ. ಕಾಸರಗೋಡು, ದಕ್ಷಿಣ ಕನ್ನಡ ಜಿಲ್ಲಾ ವೈದ್ಯಾಧಿಕಾರಿಗಳ ಕಚೇರಿಗಳು ಗಡಿಯಾಚೆಯ ಹೆಸರುಗಳನ್ನು ಆಯಾ ದಿನ ಸಂಜೆಯೊಳಗೆ ಪರಸ್ಪರ ತಿಳಿಸಲಿ, ಅದಕ್ಕೆ ಎರಡೂ ಕಡೆ ಒಬ್ಬೊಬ್ಬ ಅಧಿಕಾರಿಯನ್ನು ಮಳೆಗಾಲಕ್ಕೆ ಮೊದಲೇ ನೇಮಿಸಲಿ.

– ನಿವೃತ್ತ ಆರೋಗ್ಯ ಕಾರ್ಯಕರ್ತರು, ಮಂಜೇಶ್ವರ ತಾಲೂಕು