ಬೆಲ್ಟು ಕಟ್ಟಿದವನ ಪತ್ರ

ಲೋ ಗುಂಡಣ್ಣ,

ನೀನು ಫೋನ್ ಎತ್ತುವುದಿಲ್ಲ, ವಾಟ್ಸಾಪ್ ನೋಡುವುದಿಲ್ಲ. ಫೇಸ್‌ಬುಕ್ ಮಾತ್ರ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ ಬೇಕೇ ಬೇಕು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಊರೆಲ್ಲ ಓದಲಿ ಬಿಡು.

ಮೊನ್ನೆ ನಿದ್ದೆ ಬಾರದೆ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಆ ಕ್ಲಬ್ ಥ್ರೋ (ಮರದ ಸಣ್ಣ ಗದೆಯಂಥದ್ದನ್ನು ಕೂತು ಎಸೆಯುವುದು) ಮತ್ತೆ ನೋಡಿದೆ. 2024ರದ್ದು, ಧರಂಬೀರ್ ಅವರದು. ಮೊದಲ ನಾಲ್ಕೂ ಫೌಲ್. ಐದನೆಯದು 34.92 ಮೀಟರ್, ಚಿನ್ನ! ನಾನು ಮಾತ್ರ ನಾಲ್ಕನೇ ಫೌಲಿಗೇ ವಿಡಿಯೊ ನಿಲ್ಲಿಸಿ ಕೂತುಬಿಟ್ಟೆ. ಕಂಠೀರವ ಸ್ಟೇಡಿಯಂನಲ್ಲಿ ನಿನ್ನ ಆಯ್ಕೆ ಸ್ಪರ್ಧೆಯ ಆ ಬೆಳಗ್ಗೆ ನೆನಪಾಯಿತು.

ನಿಂತು ಎಸೆಯುವವನಿಗೆ ಕಾಲಿದೆ, ಓಟವಿದೆ, ಸುತ್ತು ಇದೆ. ನಿನ್ನ ಹಾಗೆ ಚೇರಿನಲ್ಲಿ ಕೂತು ಗುಂಡು ಎಸೆಯುವವನಿಗೆ ಭುಜ, ಕೈ, ಆಮೇಲೆ ನಾನು ಕಟ್ಟುತ್ತಿದ್ದಂಥ ಬೆಲ್ಟು. ಚೇರು 75 ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು. ಅದಕ್ಕೆ ತೊಡೆ, ಸೊಂಟ ಬಿಗಿಯಬೇಕು. ಗುಂಡು ಬಿಡುವಾಗ ಕುಂಡಿ ಒಂದು ಚೂರು ಎದ್ದರೂ ಕೆಂಪು ಬಾವುಟ. ಈ ವಿವರಣೆ ನಿನಗಲ್ಲ, ನಮ್ಮ ಅತ್ತೆಗೆ. ಅವರೂ ಇಲ್ಲಿದ್ದಾರೆ.

2016ರಲ್ಲಿ ದೀಪಾ ಮಲಿಕ್ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಡು 4.61 ಮೀಟರ್ ಎಸೆದು ಬೆಳ್ಳಿ ಗೆದ್ದಾಗ ನಮ್ಮ ಭಾವ 'ಇಷ್ಟೇನಾ?' ಅಂದರಲ್ಲ. ಅವರನ್ನು ನಿನ್ನ ಚೇರಿಗೆ ಕಟ್ಟಿ ಕೈಗೆ ಗುಂಡು ಕೊಟ್ಟೆವು. ಪಾಪ, ಅವರ ಕಾಲ ಬುಡಕ್ಕೇ ಬಿತ್ತು. ಆವತ್ತಿನಿಂದ ಅವರಿಗೆ ನೀನು 'ಗುಂಡಣ್ಣನವರು'.

ನಿನ್ನ ಬ್ಯಾಗಿನ ಒಳಜೇಬಲ್ಲಿ ಪ್ಯಾರಾ ಅಥ್ಲೀಟ್ ಮಾಲತಿ ಹೊಳ್ಳರ ಪೇಪರ್ ಫೋಟೊ ಇರುತ್ತಿತ್ತು. ಅವರಿಗೆ ಪದ್ಮಶ್ರೀ ಬಂದ 2001ರದ್ದು. ಮಡಚಿ ಮಡಚಿ ಮುಖವೇ ಅಳಿಸಿಹೋಗಿತ್ತು. ಆವತ್ತೂ ಅದನ್ನು ಮುಟ್ಟಿಯೇ ಚೇರ್ ಹತ್ತಿದೆ. ಮೂರೂ ಫೌಲ್. ಸೊಂಟ ಎದ್ದಿತು ಅಂದರು. 'ನಂದೇ ಅವಸರ ಕಣೋ' ಅಂದೆ ನೀನು. ಆಮೇಲೂ ಎಷ್ಟು ಸಲ ಅದೇ ಮಾತು.

ನಿನ್ನ ಅವಸರ ಅಲ್ಲ ಕಣೋ. ಬಕಲಿನ ಹಲ್ಲು ಸವೆದಿತ್ತು. ಸುಮ್ನೆ ಎಳೆದರೆ ನಿಲ್ಲುತ್ತಿತ್ತು, ಜೋರಾಗಿ ಜಗ್ಗಿದರೆ ಅರ್ಧ ಬೆರಳು ಜಾರುತ್ತಿತ್ತು. ಹಿಂದಿನ ರಾತ್ರಿಯೇ ನೋಡಿದ್ದೆ. ಎಸ್.ಪಿ. ರೋಡಿಗೆ ಹೋಗಿ ಹೊಸದು ತರಲು ಸೋಮಾರಿತನ. ಅಷ್ಟೇ ಆಗಿದ್ದರೆ ಎಂದೋ ಹೇಳಿಬಿಡುತ್ತಿದ್ದೆ.

ಮೊದಲನೆಯದು ಫೌಲ್ ಆದಾಗಲೇ ಬೆಲ್ಟ್ ಜಾರಿದ್ದು ಕಂಡಿತು. ಒಂದು ಮಾತು ಹೇಳಿದ್ದರೆ ಇನ್ನೊಮ್ಮೆ ಬಿಗಿಯಬಹುದಿತ್ತು. ಹೇಳಲಿಲ್ಲ. ನೀನು ಆಯ್ಕೆಯಾದರೆ ಮತ್ತೆ ರಜೆ, ಮತ್ತೆ ರೈಲು. ಎಲ್ಲ ಫೋಟೊದಲ್ಲೂ ನೀನು ಪೂರ್ತಿ, ನಾನು ಬೆಲ್ಟ್ ಹಿಡಿದ ಒಂದು ಕೈ. ಆ ಹೊತ್ತಿಗೆ ಅದೇ ತಲೆಯಲ್ಲಿತ್ತು.

ಮುಂದಿನ ವರ್ಷ ನೀನು ಚೇರ್ ಮಾರಿದೆ. ಭುಜ ನೋವು ಅಂದೆ. ನಾನು ಹೂಂ ಅಂದೆ.

ಇಷ್ಟೆಲ್ಲ ಬರೆಯಲು ಕೂತಿರಲಿಲ್ಲ. ಬರೀ ಧರಂಬೀರ್ ವಿಷಯ ಬರೆಯೋಣ ಅಂತಿದ್ದೆ.

ಸರಿ, ಭಾನುವಾರ ಬಾ. ಇಲ್ಲಿ ಬೈಯಬೇಡ, ಅತ್ತೆ ಓದುತ್ತಾರೆ. ಮಲ್ಲೇಶ್ವರದಲ್ಲಿ ಎದುರಿಗೇ ಬೈದುಬಿಡು. ದೋಸೆ ನನ್ನದು. ನಾನೂ ಬೆಲ್ಟ್ ಹಾಕಿಕೊಂಡೇ ಬರುತ್ತೇನೆ. ಹೊಟ್ಟೆ ಈಗ ಹೇಗಿದೆ ಅಂದರೆ, ಅದು ಜಾರುವ ಮಾತೇ ಇಲ್ಲ.

ನಿನ್ನ,
ಒಂದು ಕೈ